ಇಪ್ಪತ್ತಮೂರು ಕೆಂಪು ಬಾಯಿ

ಬಾವ್‌ಟಿಂಗ್ ಪೇಟೆ ಕಡೆಯಿಂದ ಮೇಲಿಯೆನ್ ಟೀಚರ್ ಟೇಪ್‌ರೆಕಾರ್ಡರು ಹೊತ್ತುಕೊಂಡು ನಮ್ಮ ಫಾನ್‌ಲೇ ಊರಿಗೆ ಬಂದಾಗ ನನ್ನ ಅವ್ವನ ಮನೆಯ ತೊಲೆಯಲ್ಲಿ ಎರಡು ಅಡಿಕೆ ಗಂಟುಗಳು ತೂಗುತ್ತಿದ್ದವು. ಒಂದು ಯಾಶು ಕಳಿಸಿದ್ದು, ಇನ್ನೊಂದು ದಶೆಂಗ್ ಕಳಿಸಿದ್ದು. ನಮ್ಮಲ್ಲಿ ದಿನಗಳಿಗೆ ಪ್ರಾಣಿಗಳ ಹೆಸರು. ಎರಡೂ ಕೋಳಿಯ ದಿನವೇ ಬಂದವು, ಒಂದು ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ. ಗಂಡ ಜ್ವರದಲ್ಲಿ ಹೋದ ಮೇಲೆ ಐದು ವರ್ಷ ನಾನು ಇದೇ ಮನೆಯಲ್ಲಿ ಮಗ್ಗದ ಮುಂದೆ ಕಾಲು ಚಾಚಿ ಕೂತಿದ್ದೆ. ಆಗ ಒಂದು ನರಪಿಳ್ಳೆಯೂ ಈ ಕಡೆ ತಿರುಗಿ ನೋಡಿರಲಿಲ್ಲ. ಈಗ ನೋಡಿ, ಒಂದೇ ದಿನ ಇಬ್ಬರು.

ಗಂಟು ಬಂದಾಗ ನಮ್ಮಲ್ಲಿ ಮಾತಿಲ್ಲ. ತೊಲೆಗೆ ನೇತುಹಾಕಿ ಮೂರನೆಯ ದಿನ ಸೂರ್ಯ ಮುಳುಗುವವರೆಗೆ ಅದು ಅಲ್ಲಿರುತ್ತದೆ. ಒಪ್ಪಿಗೆಯಾದರೆ ಹೆಣ್ಣಿನ ತಾಯಿ ಗಂಟು ಬಿಚ್ಚಿ, ವೀಳ್ಯದೆಲೆಗೆ ಚಿಪ್ಪಿನ ಸುಣ್ಣ ಸವರಿ, ನೆಂಟರಿಗೂ ನೆರೆಯವರಿಗೂ ಅಡಿಕೆ ಹಂಚುತ್ತಾಳೆ. ಎಲ್ಲರೂ ಅಗಿದು ಬಾಯಿ ಕೆಂಪು ಮಾಡಿಕೊಂಡರೆ ಹೌದು ಅಂದಹಾಗೆ. ಗಂಟು ಬಿಚ್ಚದೆ ಉಳಿದರೆ ಊರ ಹಿರಿಯರೊಬ್ಬರು ಅದನ್ನು ಹಿಂದಕ್ಕೆ ಒಯ್ದು ಕೊಟ್ಟು, ಒಂದು ಬಟ್ಟಲು ಹೆಂಡ ಕುಡಿದು, ಹವಾಮಾನದ ಮಾತಾಡಿ ಬರುತ್ತಾರೆ. ಗಂಡಿನ ಮನೆಯವರಿಗೆ ಅರ್ಥವಾಗುತ್ತದೆ. ನನ್ನಂಥವಳಿಗೆ ಇದು ದೇವರು ಕೊಟ್ಟ ಏರ್ಪಾಡು. ಮೂವತ್ತೆರಡು ವರ್ಷದಲ್ಲಿ ನಾನು ಒಬ್ಬರಿಗೂ ಬೇಡ ಅಂದವಳಲ್ಲ. ನನಗೆ ಸೇರದ ಹುಳಿಮೀನು ಎಲೆಗೆ ಬಿದ್ದರೂ ತಿಂದೆ, ಕಂಡವರ ಲಂಗದ ಅಂಚು ನೇಯ್ದು ಕೊಟ್ಟೆ, ನನ್ನ ಮದುವೆಯಲ್ಲಿ ಯಾರೋ ಮರೆತು ಹೋದ ಕೋಳಿಯನ್ನು ಮೂರು ವರ್ಷ ಸಾಕಿದೆ.

ನನಗೆ ಬೇಕಾದವನು ಯಾಶು. ಅವನು ಮೇಲಿನ ಗುಡ್ಡದಲ್ಲಿ ಬೆತ್ತದ ಬುಟ್ಟಿ ಹೆಣೆಯುತ್ತಾನೆ, ಸಂಜೆ ಹೊತ್ತು ಮೂಗಿನಿಂದ ಕೊಳಲು ಊದುತ್ತಾನೆ. ನಾನು ನೀರಿಗೆ ಹೋಗುವುದು ಕಂಡರೆ ಅವನಿಗೆ ಸೀನು ಬರುತ್ತದೆ, ರಾಗ ಅಲ್ಲೇ ಕತ್ತರಿಸಿ ಹೋಗುತ್ತದೆ. ಎರಡು ವರ್ಷದಲ್ಲಿ ನನ್ನೊಡನೆ ಆಡಿದ ಮಾತು ಎಂಟೋ ಹತ್ತೋ, ಅದರಲ್ಲಿ ನಾಲ್ಕು ಸೀನು. ಆದರೂ ಆ ಸೀನು ಕೇಳದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ದಶೆಂಗ್ ಕೆಟ್ಟವನಲ್ಲ, ಅದು ಮೊದಲೇ ಹೇಳಿಬಿಡುತ್ತೇನೆ. ಹೊಳೆಯಾಚೆ ಊರಿನವನು, ಹಂದಿ ಸಾಕುತ್ತಾನೆ, ಆಳು ದೊಡ್ಡವನು, ದನಿ ಅದಕ್ಕಿಂತ ದೊಡ್ಡದು. ಅವನು ನಕ್ಕರೆ ನಮ್ಮ ತೊಲೆಯ ಧೂಳು ಉದುರುತ್ತದೆ. ಅವ್ವನಿಗೆ ಅವನ ಮೇಲೆ ಸ್ವಲ್ಪ ಮನಸ್ಸಿತ್ತು. ಮೂಗಲ್ಲಿ ಊದುವವನ ಮನೆಯಲ್ಲಿ ನೀನು ಬಾಯಿಗೇನು ಹಾಕಿಕೊಳ್ಳುತ್ತೀಯೆ ಎಂದು ಗೊಣಗಿದಳು. ಆದರೂ ಕೊನೆಗೆ ಒಪ್ಪಿದಳು. ಮೂರನೆಯ ದಿನ, ಅಂದರೆ ಹಂದಿಯ ದಿನ ಸಂಜೆ, ಯಾಶುವಿನ ಗಂಟು ಬಿಚ್ಚುವುದು, ದಶೆಂಗನ ಗಂಟನ್ನು ಊರ ಹಿರಿಯ ಫಾತಿಂಗಜ್ಜನ ಕೈಯಲ್ಲಿ ಹಿಂದಕ್ಕೆ ಕಳಿಸುವುದು, ಎಂದು ನಮ್ಮಿಬ್ಬರೊಳಗೆ ಮಾತಾಯಿತು. ಯಾಶುವಿನ ಗಂಟಿಗೆ ಕರಿದಾರ, ದಶೆಂಗನದಕ್ಕೆ ಕೆಂಪುದಾರ. ಗುರುತು ಹಿಡಿಯಲು ಕಷ್ಟವೇನಿರಲಿಲ್ಲ.

ನಡುವಿನ ನಾಯಿಯ ದಿನವೇ ಟೀಚರು ನಮ್ಮ ಅಂಗಳದಲ್ಲಿ ಯಂತ್ರ ಇಟ್ಟುಕೊಂಡು ಕೂತಳು. ಅವಳೂ ನಮ್ಮ ಹ್ಲಾಯ್ ಬುಡಕಟ್ಟಿನವಳೇ, ಆದರೆ ಬೆಟ್ಟದಾಚೆಯವಳು, ಅವಳ ಮಾತು ನಮಗೆ ಅರ್ಧ ಹಾಡಿದಂತೆ ಕೇಳುತ್ತದೆ. ನಮ್ಮ ಊರಿನವರು ಆಗುತ್ತೆ, ಆಗಲ್ಲ, ಬೇಕು, ಬೇಡ, ಕೂಡದು ಎನ್ನುವುದನ್ನೆಲ್ಲ ಹೇಗೆ ಹೇಳುತ್ತಾರೆ ಎಂದು ಬರೆದುಕೊಳ್ಳುವುದು ಅವಳ ಕೆಲಸವಂತೆ. ಇದಕ್ಕೂ ಸಂಬಳ ಕೊಡುತ್ತಾರಾ ಎಂದು ಅವ್ವ ಕೇಳಿದಳು. ಕೊಡುತ್ತಾರೆ ಎಂದಾಗ ಅಂಗಳದಲ್ಲಿ ಎದ್ದ ನಗುವಿಗೇ ಮೊದಲ ಕ್ಯಾಸೆಟ್ಟಿನ ಒಂದು ಮಗ್ಗುಲು ಖರ್ಚಾಯಿತು.

ಒಂದು ಗಂಟೆಯೊಳಗೆ ಊರಿಗೆ ಊರೇ ಬಂದು ನೆರೆಯಿತು. ಗದ್ದೆಗೆ ಹೊರಟವರು ಗುದ್ದಲಿ ಕೆಳಗಿಟ್ಟು ಕೂತರು. ಹೊಳೆಯಾಚೆಯಿಂದ ಉಪ್ಪು ಕೊಳ್ಳಲು ಬಂದ ದಶೆಂಗನ ಸೋದರತ್ತೆಯೂ ಬಂದು ಮುಂದಿನ ಸಾಲಿನಲ್ಲೇ ಕೂತಳು. ಪ್ರತಿಯೊಬ್ಬರಿಗೂ ತಮ್ಮದೊಂದು ವಾಕ್ಯ ಆ ಪೆಟ್ಟಿಗೆಯೊಳಗೆ ಹೋಗಬೇಕೆಂಬ ಆಸೆ. ಕೂಡದು ಎನ್ನುವುದಕ್ಕೆ ಫಾತಿಂಗಜ್ಜ, ಹಂದಿಯ ದಿನ ಹಂದಿ ಕಡಿಯಕೂಡದು, ಎಂದು ಗಂಭೀರವಾಗಿ ಹೇಳಿಕೊಟ್ಟ. ಆಗಲ್ಲ ಎನ್ನುವುದಕ್ಕೂ ತಾನೇ ಹೇಳುತ್ತೇನೆಂದು, ನನ್ನ ಕೈಲಿ ಹೆಂಡ ಕುಡಿಯಲಿಕ್ಕೆ ಆಗುವುದಿಲ್ಲ, ಎಂದ. ಅದನ್ನು ಅವನು ಹೇಳಿದ್ದು ಹುಟ್ಟಿದಾರಭ್ಯ ಯಾರೂ ಕೇಳಿರಲಿಲ್ಲ. ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಟೀಚರು ಅಳಿಸಿ ಮತ್ತೆ ಹೇಳಿಸಿದಳು, ಅಜ್ಜ ಮತ್ತೆ ಹೇಳಿದ, ಮತ್ತೆ ಬಿದ್ದರು. ಧೈರ್ಯವಿಲ್ಲ ಎನ್ನುವುದಕ್ಕೆ ಪಕ್ಕದ ಮನೆಯಾಕೆ, ನನ್ನ ಗಂಡನಿಗೆ ನನ್ನ ಎದುರು ಮಾತಾಡುವ ಧೈರ್ಯವಿಲ್ಲ, ಎಂದಳು. ಗಂಡ ತಲೆಯಾಡಿಸಿದ, ಮಾತಾಡಲಿಲ್ಲ.

ಆಮೇಲೆ ಟೀಚರು ಯಂತ್ರವನ್ನು ನನ್ನ ಕಡೆ ತಿರುಗಿಸಿ, ಒಬ್ಬರು ಏನೋ ಕೊಡಲು ಬಂದಿದ್ದಾರೆ, ನಿಮಗೆ ಅದು ಬೇಡ, ಏನು ಹೇಳುತ್ತೀರಿ ಎಂದು ಕೇಳಿದಳು. ನಾಳೆ ನೋಡೋಣ, ಎಂದೆ. ಅದಲ್ಲ, ನಿಮಗೆ ಅದು ನಾಳೆಯೂ ಬೇಡ, ಎಂದಳು. ಹಾಗಾದರೆ ಅವ್ವನನ್ನು ಕೇಳುತ್ತೇನೆ ಎನ್ನುತ್ತೇನೆ, ಎಂದೆ. ಜನ ಹೌದು ಹೌದು ಎಂದು ಸೇರಿಕೊಂಡರು. ಒಬ್ಬಳು, ಹೊಟ್ಟೆ ತುಂಬಿದೆ ಅನ್ನಬಹುದು, ಎಂದಳು. ಇನ್ನೊಬ್ಬ, ಹೊಳೆ ತುಂಬಿದೆ ಅನ್ನಬಹುದು, ಎಂದ. ಟೀಚರು ಒಂದೊಂದನ್ನೂ ಬರೆದುಕೊಂಡು ಕೊನೆಗೆ ಪೆನ್ನು ಕೆಳಗಿಟ್ಟಳು.

"ಅಲ್ರೀ, ಹನ್ನೊಂದು ಬರ್ಕೊಂಡೆ. ಒಂದರಲ್ಲೂ ಬೇಡ ಅನ್ನೋ ಮಾತೇ ಇಲ್ವಲ್ಲ. ನಿಮ್ಮೂರಲ್ಲಿ ಬೇಡ ಅಂತ ಬಾಯಿಬಿಟ್ಟು ಯಾರೂ ಅನ್ನೋದೇ ಇಲ್ವಾ?"

"ಅನ್ನೋಕೆ ಬರುತ್ತಮ್ಮ. ಅಂದು ಏನು ಮಾಡೋದು, ಜಗಳಾನಾ?" ಎಂದ ಫಾತಿಂಗಜ್ಜ.

ಆ ಮಾತಿಗೆ ಎದ್ದ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅವ್ವ ಬೆಳಗಿನಿಂದ ಬಂದವರಿಗೆಲ್ಲ ಅಡಿಕೆ ಕೊಡುತ್ತಲೇ ಇದ್ದಳು. ಮನೆಗೆ ಬಂದವರ ಬಾಯಿ ಬರಿದಾಗಿರಬಾರದು, ಅದು ನಮ್ಮ ಮನೆತನಕ್ಕೇ ಅವಮಾನ. ಅವಳ ಬುಟ್ಟಿ ಖಾಲಿಯಾಗಿತ್ತು. ನಗುತ್ತ, ಕಣ್ಣಲ್ಲಿ ನೀರು ಒರೆಸಿಕೊಳ್ಳುತ್ತ, ಮೇಲೆ ನೋಡದೆ ತೊಲೆಗೆ ಕೈ ಹಾಕಿದಳು, ಸಿಕ್ಕಿದ ಗಂಟನ್ನು ಇಳಿಸಿದಳು, ಬಿಚ್ಚಿದಳು, ಸುಣ್ಣ ಸವರಿದಳು, ಹಂಚಿದಳು. ನನ್ನ ಕೈಗೂ ಒಂದು ಕೊಟ್ಟಳು. ನಾನೂ ಅಗಿದೆ. ಯಂತ್ರ ಸುತ್ತುತ್ತಲೇ ಇತ್ತು.

ಬಾಯಿ ಕೆಂಪಾದ ಮೇಲೆ ನನ್ನ ಕಣ್ಣು ನೆಲಕ್ಕೆ ಹೋಯಿತು. ಅವ್ವನ ಪಾದದ ಬಳಿ ಕೆಂಪುದಾರ ಬಿದ್ದಿತ್ತು. ತೊಲೆ ನೋಡಿದೆ. ಅಲ್ಲಿ ಕರಿದಾರದ ಗಂಟು ಒಂದೇ ತೂಗುತ್ತಿತ್ತು. ಅದೇ ಹೊತ್ತಿಗೆ ದಶೆಂಗನ ಸೋದರತ್ತೆಯೂ ಆ ದಾರ ನೋಡಿದಳು. ಅದನ್ನು ಸುತ್ತಿದವಳೇ ಅವಳು. ಎದ್ದು ಬಂದು ಕೆಂಪು ಬಾಯಿಂದ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಉಪ್ಪನ್ನು ಅಲ್ಲೇ ಬಿಟ್ಟು, ಹೊಳೆಯ ಕಡೆ ಓಡಿದಳು. ಅರುವತ್ತೈದರ ಹೆಂಗಸು ಹಾಗೆ ಓಡಿದ್ದನ್ನು ನಾನು ಆ ಮೇಲೆ ಎಲ್ಲೂ ನೋಡಿಲ್ಲ.

ಮಾರನೆಯ ದಿನ ಹಂದಿಯ ದಿನ. ಬೆಳಿಗ್ಗೆಯೇ ಊರವರು ಪಂಚಾಯಿತಿಗೆ ಕೂತರು. ಅಡಿಕೆ ಅಗಿದವರು ಇಪ್ಪತ್ತಮೂರು ಮಂದಿ ಎಂದು ಎಣಿಕೆಯಾಯಿತು. ಎಲ್ಲರ ಮುಖದಲ್ಲೂ ತಪ್ಪಿತಸ್ಥರ ಕಳೆ, ಆದರೆ ಯಾರಾದರೂ ಒಬ್ಬರು ಹಲ್ಲು ತೋರಿಸಿದರೆ ಸಾಕು, ಉಳಿದವರು ಕಿಸಕ್ಕನೆ ನಗುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು. ಅಗಿದು ಉಗಿದದ್ದನ್ನು ಹಿಂದಕ್ಕೆ ಕೊಡಲು ಬರುವುದಿಲ್ಲ ಎಂದ ಫಾತಿಂಗಜ್ಜ. ಟೀಚರು ಅಳುಮುಖ ಮಾಡಿಕೊಂಡು, ನನಗೆ ಗೊತ್ತಿಲ್ಲದೆ ಅಗಿದೆ, ನನ್ನದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಎಂದಳು. ಬೆಟ್ಟದಾಚೆಯವಳಾದ್ದರಿಂದ ಅವಳದು ಅರ್ಧ ಬಾಯಿ ಎಂದು ತೀರ್ಮಾನವಾಯಿತು. ಇಪ್ಪತ್ತೆರಡೂವರೆ ಬಾಯಿ ಹೌದು ಅಂದಿದೆ. ನನ್ನ ಬಾಯಿಯೂ ಅದರಲ್ಲಿ ಸೇರಿತ್ತು.

ಅವ್ವ ಮೂಲೆಯಲ್ಲಿ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದಳು. ನನ್ನ ಕಣ್ಣು ಮಾತ್ರ ಕರಿದಾರದ ಗಂಟಿನ ಮೇಲೆ. ಇವತ್ತು ಸೂರ್ಯ ಮುಳುಗುವಷ್ಟರಲ್ಲಿ ಅದು ಬಿಚ್ಚದಿದ್ದರೆ ಯಾಶುವಿಗೆ ಬೇಡ ಅಂದಹಾಗೆ. ಇನ್ನೊಬ್ಬನಿಗೆ ಹೌದು ಅಂದ ಮನೆಯಲ್ಲಿ ಅದನ್ನು ಬಿಚ್ಚುವ ಹಾಗೂ ಇಲ್ಲ. ನಿನ್ನೆ ಸಂಜೆ ಗುಡ್ಡದಿಂದ ಕೊಳಲು ಕೇಳಿರಲಿಲ್ಲ. ಸೋದರತ್ತೆ ದಾರಿಯುದ್ದಕ್ಕೂ ಸಾರಿಕೊಂಡು ಹೋಗಿದ್ದಳಲ್ಲ, ಸುದ್ದಿ ಗುಡ್ಡವನ್ನೂ ಹತ್ತಿತ್ತು.

ಊರಿನವರು ನನ್ನನ್ನು ಕೈಬಿಡಲಿಲ್ಲ, ಅದನ್ನೂ ಹೇಳಬೇಕು. ಹೆಂಗಸರೆಲ್ಲ ಸೇರಿ ಉಪಾಯ ಹೇಳಿಕೊಟ್ಟರು. ತಲೆನೋವು ಅನ್ನು. ಸತ್ತ ಗಂಡ ಕನಸಿಗೆ ಬಂದ ಅನ್ನು. ಹೊಳೆ ತುಂಬಿದೆ, ನನಗೆ ನೀರು ಕಂಡರೆ ಹೆದರಿಕೆ ಅನ್ನು. ಅವನು ತಿಳಿದುಕೊಂಡು ತಾನಾಗಿಯೇ ಹಿಂದಕ್ಕೆ ಹೋಗುತ್ತಾನೆ ಎಂದರು. ನಮ್ಮ ಊರಿನ ಯಾವ ಗಂಡಸಾದರೂ ಹೋಗುತ್ತಿದ್ದ.

ಹೊತ್ತು ಇಳಿಯುವಾಗ ದಶೆಂಗ್ ಬಂದ. ಜೊತೆಯಲ್ಲಿ ಹತ್ತು ಜನ ನೆಂಟರು, ಎರಡು ಗಡಿಗೆ ಗುಡ್ಡದಕ್ಕಿಯ ಹೆಂಡ, ಬಿದಿರಿಗೆ ಕಾಲು ಕಟ್ಟಿ ಹೊತ್ತು ತಂದ ಒಂದು ಭಾರಿ ಹಂದಿ. ಸಂಭ್ರಮದಲ್ಲಿ ದಿನ ಯಾವುದೆಂದು ಅವನಿಗೆ ಮರೆತೇ ಹೋಗಿತ್ತು. ಇವತ್ತು ಅದನ್ನು ಕಡಿಯುವಂತಿಲ್ಲ ಎಂದು ಫಾತಿಂಗಜ್ಜ ನೆನಪಿಸಿದಾಗ, ಇರಲಿ ಬಿಡಿ, ಅದೂ ಮದುವೆ ನೋಡಲಿ, ಎಂದು ಕಟ್ಟು ಬಿಚ್ಚಿಸಿದ. ಹಂದಿ ಅಂಗಳದಲ್ಲೆಲ್ಲ ತಿರುಗಾಡಿ, ಮಗ್ಗದ ಪಕ್ಕ ನನ್ನ ಜಾಗದಲ್ಲಿ ಮಲಗಿತು. ಆ ಇಡೀ ಸಭೆಯಲ್ಲಿ ನೆಮ್ಮದಿಯಾಗಿದ್ದದ್ದು ಅದೊಂದೇ.

ಗಡಿಗೆಗಳಿಗೆ ಹೆಂಡ ಹೀರುವ ಬಿದಿರ ಕೊಳವೆ ಇಳಿಸಿದರು. ನಾನು ಮುಂದೆ ಬಂದು, ತಲೆ ಬಹಳ ನೋಯುತ್ತಿದೆ, ಎಂದೆ. ದಶೆಂಗ್ ಚೀಲದಿಂದ ಬೇರು ತೆಗೆದು ಅವ್ವನ ಕೈಗಿಟ್ಟು, ತೇಯ್ದು ಹಚ್ಚಿ, ಅರ್ಧ ಗಳಿಗೆಯಲ್ಲಿ ಹೋಗುತ್ತದೆ ಎಂದ. ಸತ್ತ ಗಂಡ ಕನಸಿಗೆ ಬಂದಿದ್ದ, ಎಂದೆ. ಪಾಪ, ಅವನಿಗೂ ಒಂದು ಕೋಳಿ ಒಪ್ಪಿಸೋಣ, ಒಳ್ಳೆಯ ಮನುಷ್ಯ ಎಂದು ಕೇಳಿದ್ದೇನೆ, ಎಂದ. ಹೊಳೆ ತುಂಬಿದೆ, ನನಗೆ ನೀರಿನ ಭಯ, ಎಂದೆ. ಹಾಗಾದರೆ ತೆಪ್ಪಕ್ಕೆ ಕಟಕಟೆ ಕಟ್ಟಿಸುತ್ತೇನೆ, ಎಂದು ಅಲ್ಲೇ ಇಬ್ಬರು ನೆಂಟರಿಗೆ ಬಿದಿರು ಕಡಿಯಲು ಹೇಳಿಬಿಟ್ಟ. ಹಿಂದಿನಿಂದ ಹೆಂಗಸರು ಮತ್ತೆ ಮತ್ತೆ ಹೊಸ ನೆಪಗಳನ್ನು ಪಿಸುಗುಟ್ಟುತ್ತಿದ್ದರು. ನಾನು ಹೇಳಿದ್ದಕ್ಕೆಲ್ಲ ಅವನ ಬಳಿ ಪರಿಹಾರವಿತ್ತು. ಇಂಥ ಗಂಡಸಿಗೆ ಸುತ್ತಿ ಬಳಸಿ ಹೇಳಿದರೆ ಅದೆಲ್ಲ ಅವನಿಗೆ ಮಾಡಿ ಮುಗಿಸಬೇಕಾದ ಕೆಲಸ, ಅಷ್ಟೆ. ಬಿಸಿಲು ಆಗಲೇ ಬಾಳೆಯ ತುದಿಗೆ ಹೋಗಿತ್ತು.

ನನಗೆ ಒಮ್ಮೆಲೇ ಸಿಟ್ಟು ಬಂತು. ಅವನ ಮೇಲಲ್ಲ, ನನ್ನ ಮೇಲೆ. ಮೂವತ್ತೆರಡು ವರ್ಷದ ಹುಳಿಮೀನೆಲ್ಲ ಗಂಟಲಿಗೆ ಬಂದಹಾಗಾಯಿತು.

"ಒಲ್ಲೆ," ಎಂದೆ.

ಕೊಳವೆಯಲ್ಲಿ ಹೆಂಡ ಹೀರುತ್ತಿದ್ದವರು ಹಾಗೇ ನಿಂತರು. ಅವ್ವ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ದಶೆಂಗ್ ಮಾತ್ರ ನನ್ನನ್ನೇ ನೋಡುತ್ತ, ಏನೋ ಇನ್ನೊಂದು ಕೆಲಸ ಬಂತು ಎನ್ನುವವನ ಹಾಗೆ ಹತ್ತಿರ ಬಂದ.

"ಒಲ್ಲೆ ಅಂದ್ರೆ? ಬರೋಕೆ ಆಗಲ್ಲ ಅಂತಾನಾ? ಯಾರಾದ್ರೂ ಬಿಡ್ತಿಲ್ವಾ? ಹೇಳು, ನಾನು ಮಾತಾಡ್ತೀನಿ."

"ಬರೋಕೆ ಆಗುತ್ತೆ. ಬರಬಹುದು, ಯಾರೂ ತಡಿಯೋರಿಲ್ಲ. ನಿನ್ನ ಮನೇಲಿ ಚೆನ್ನಾಗಿ ಬಾಳಬಲ್ಲೆ, ಅದೂ ಗೊತ್ತು. ಒಲ್ಲೆ, ಅಷ್ಟೆ ದಶೆಂಗಣ್ಣ. ನನಗೆ ಮನಸ್ಸಿಲ್ಲ. ಅವ್ವ ನಿನ್ನೆ ನೋಡದೆ ಗಂಟು ಇಳಿಸಿದ್ಲು."

ಹೇಳಿ ಮುಗಿಸಿದಾಗ ನನಗೆ ನಗು ಬರುತ್ತಿತ್ತು. ಇಷ್ಟೇನಾ ಇದು, ಇಷ್ಟು ಸಣ್ಣ ಮಾತಾ ಎನಿಸಿತು. ಇನ್ನೂ ನಾಲ್ಕು ಜನಕ್ಕೆ ಹೇಳಿಬಿಡೋಣ ಎನಿಸಿತು.

ಜಗಳವಾಗುತ್ತದೆ ಎಂದು ಫಾತಿಂಗಜ್ಜ ಎದ್ದು ನಿಂತ. ಜಗಳವಾಗಲಿಲ್ಲ. ದಶೆಂಗ್ ನಿಧಾನವಾಗಿ ಹಂದಿಯ ಪಕ್ಕದಲ್ಲಿ ಕೂತು ಅದರ ಕಿವಿ ಕೆರೆದ. ಅಷ್ಟು ದೊಡ್ಡ ದನಿಯವನು ಸಣ್ಣಗೆ ಮಾತಾಡಿದ್ದನ್ನು ನಾವು ಅವತ್ತೇ ಕೇಳಿದ್ದು.

"ಇದಕ್ಕೆ ಮುಂಚೆ ಕೆಳಗಿನೂರಲ್ಲಿ ಒಬ್ಬಳ ಮನೆಗೆ ಗಂಟು ಕಳಿಸಿದ್ದೆ. ಹೊಳೆ ತುಂಬಿದೆ ಅಂತ ಹೇಳಿಕಳಿಸಿದ್ಲು. ಇಳೀಲಿ ಅಂತ ಎರಡು ವರ್ಷ ಕಾದೆ. ದಿನಾ ಹೋಗಿ ನೀರು ನೋಡ್ಕೊಂಡು ಬರ್ತಿದ್ದೆ. ಅವಳಿಗೆ ಮಗು ಆಯ್ತು ಅಂದಾಗ್ಲೇ ಗೊತ್ತಾಗಿದ್ದು." ಅವನು ತಲೆಯೆತ್ತಿ ನನ್ನನ್ನು ನೋಡಿದ. "ನನ್ನ ಮುಂದೆ ನಿಂತು ಹೇಳಿದೋಳು ನೀನೊಬ್ಬಳೇ. ಪುಣ್ಯ ಬರಲಿ ನಿಂಗೆ. ನಾಳೆಯಿಂದ ಕಾಯೋದಿಲ್ವಲ್ಲ."

ಸೋದರತ್ತೆ ಮೊದಲು ಅತ್ತಳು. ಅವಳನ್ನು ನೋಡಿ ಅವ್ವ ಅತ್ತಳು. ಅವ್ವ ಅಳುತ್ತಲೇ ಎದ್ದು, ತೊಲೆಯನ್ನು ಈ ಸಲ ಚೆನ್ನಾಗಿ ನೋಡಿ, ಕರಿದಾರದ ಗಂಟು ಇಳಿಸಿ ಬಿಚ್ಚಿದಳು. ಇಪ್ಪತ್ತಮೂರು ಬಾಯಿಯೂ ಕಾದಿದ್ದಂತೆ ತೆರೆದವು. ದಶೆಂಗನ ನೆಂಟರೂ ಕೈ ಚಾಚಿದರು. ಕೊನೆಗೆ ದಶೆಂಗನೂ ಒಂದು ಇಸಿದುಕೊಂಡು, ಸುಣ್ಣ ಹೆಚ್ಚಾಯಿತು ಎಂದು ಅವ್ವನನ್ನು ಬಯ್ದು, ಅಗಿದ. ಹೆಂಡ ಹೇಗೂ ಬಂದಿದೆ ಎಂದು ಫಾತಿಂಗಜ್ಜ ಕೊಳವೆ ಬಾಯಿಗಿಟ್ಟ. ಒಂದು ಗಳಿಗೆಯಲ್ಲಿ ಅಂಗಳದಲ್ಲಿ ಹಾಡು ಶುರುವಾಯಿತು, ಯಾರ ಮದುವೆಗೆ ಯಾರು ಹಾಡುತ್ತಿದ್ದಾರೆಂದು ಕೇಳುವವರಿರಲಿಲ್ಲ.

ಒಪ್ಪಿಗೆಯ ಸುದ್ದಿಯನ್ನು ಗಂಡಿನ ಮನೆಗೆ ಮುಟ್ಟಿಸುವುದು ಹಿರಿಯರ ಕೆಲಸ. ಹಿರಿಯರು ಗಡಿಗೆ ಬಿಟ್ಟು ಕದಲುವ ಹಾಗೆ ಕಾಣಲಿಲ್ಲ. ನಾನು ಲಂಗವನ್ನು ಮಂಡಿಗೆ ಎತ್ತಿ ಕಟ್ಟಿಕೊಂಡು ಗುಡ್ಡ ಹತ್ತಿದೆ. ಹೆಣ್ಣು ತಾನೇ ಹೋಗಬಾರದು ಎಂದು ಹಿಂದಿನಿಂದ ಯಾರೋ ಕೂಗಿದರು. ಒಲ್ಲೆ ಒಲ್ಲೆ ಎಂದು ಹಾಡುತ್ತ ಹತ್ತಿದೆ, ಮರಗಳಿಗೂ ಹೇಳಿದೆ, ಎದುರು ಬಂದ ಎಮ್ಮೆಗೂ ಹೇಳಿದೆ. ಬೆವರು ಸುರಿಯುತ್ತಿತ್ತು, ಕಾಲು ನೆಲದ ಮೇಲಿರಲಿಲ್ಲ.

ಯಾಶು ಬಾಗಿಲ ಮುಂದೆ ಗಂಟುಮೂಟೆ ಕಟ್ಟುತ್ತಿದ್ದ. ಬೆತ್ತ ಸೀಳುವ ಕತ್ತಿ, ಎರಡು ಬುಟ್ಟಿ, ಒಂದು ಕಂಬಳಿ. ಕಡಲ ಕಡೆ ಇರುವ ತನ್ನ ಅಕ್ಕನ ಮನೆಗೆ ಹೊರಟವನು ಎಂದು ನೋಡಿದರೇ ತಿಳಿಯುತ್ತಿತ್ತು. ಸದ್ದು ಕೇಳಿ ತಲೆಯೆತ್ತಿದ. ಸೀನಲಿಲ್ಲ. ನನ್ನ ಕೆಂಪು ಬಾಯಿಯನ್ನೇ ನೋಡಿದ. ಆಗಲೇ ನನಗೆ ಹೊಳೆದದ್ದು, ಯಾರ ಅಡಿಕೆಯಾದರೂ ಬಾಯಿ ಕೆಂಪಾಗುವುದು ಒಂದೇ ಬಣ್ಣಕ್ಕೆ.

"ಒಳ್ಳೇದಾಯ್ತು," ಎಂದ. "ದಶೆಂಗ್ ಮನೆ ದೊಡ್ಡದು."

ಅಲ್ಲ ಎನ್ನಲು ಬಾಯಿ ತೆರೆದೆ. ಗುಡ್ಡ ಹತ್ತುವವರೆಗೂ ಹಾಡಿಕೊಂಡು ಬಂದ ಬಾಯಿ ಅಲ್ಲಿ ಒಣಗಿಹೋಯಿತು. ಬೇಡದ್ದನ್ನು ಬೇಡ ಎಂದು ಹೇಳಿದ್ದೇನೋ ಹೇಳಿದೆ. ಬೇಕಾದ್ದನ್ನು ಬೇಕು ಎಂದು ನಾನು ಹುಟ್ಟಿದಾಗಿನಿಂದ ಯಾರ ಹತ್ತಿರವೂ ಕೇಳಿದವಳಲ್ಲ. ಅದು ಇದಕ್ಕಿಂತ ಭಾರ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೊಡದಿದ್ದರೆ? ನಕ್ಕುಬಿಟ್ಟರೆ?

"ಬುಟ್ಟಿ ಚೆನ್ನಾಗಿದೆ," ಎಂದೆ.

"ತಗೊಂಡು ಹೋಗು," ಎಂದು ಅವನು ಮೂಟೆಯಿಂದ ಒಂದನ್ನು ಬಿಚ್ಚಿ ನನ್ನ ಕಡೆ ಚಾಚಿದ. ಕೆಳಗೆ ಊರಿನಲ್ಲಿ ಹಾಡು ಜೋರಾಯಿತು, ಅದನ್ನು ಕೇಳಿ ಅವನ ಮುಖ ಇನ್ನಷ್ಟು ಸಣ್ಣದಾಯಿತು. ಎಡವಟ್ಟು ಮನುಷ್ಯ, ಬುಟ್ಟಿ ಕೊಟ್ಟು ನನ್ನನ್ನು ಇನ್ನೊಬ್ಬನ ಮನೆಗೆ ಕಳಿಸುತ್ತಿದ್ದಾನೆ. ನನಗೆ ಅಳುವೂ ಬಂತು, ನಗುವೂ ಬಂತು, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹಿಡಿಯಿತು.

"ಬುಟ್ಟಿ ಬೇಡ. ನೀನು ಬೇಕು."

ಬುಟ್ಟಿ ಅವನ ಕೈಯಿಂದ ಜಾರಿ ಇಳಿಜಾರಿನಲ್ಲಿ ಉರುಳಿಕೊಂಡು ಹೋಯಿತು. ಅವನು ಅದನ್ನು ನೋಡಲಿಲ್ಲ. ಹಿಂದೆ ಮುಂದೆ ತಿರುಗಿ, ಇಲ್ಲಿ ಇನ್ಯಾರಾದರೂ ಇದ್ದಾರೇನೋ ಎಂದು ಹುಡುಕಿ, ಮತ್ತೆ ನನ್ನ ಕಡೆ ನೋಡಿದ.

"ಯಾರಿಗೆ?" ಎಂದ.

"ನಂಗೆ," ಎಂದೆ.